15 ಕೋಟಿ ಡಿಗ್ರಿ ಅಂತ ಅಳೆದವರು ಯಾರು?

ಪ್ರಶ್ನೆ: ಹಗುರ ಪರಮಾಣುಗಳನ್ನು ಬೆಸೆಯುವ ಫ್ಯೂಷನ್ ಯಂತ್ರದೊಳಗೆ 10 ಕೋಟಿ, 15 ಕೋಟಿ ಡಿಗ್ರಿ ಬಿಸಿ ಇರುತ್ತದೆ ಎಂದು ಓದುತ್ತೇವೆ. ಅಷ್ಟು ಬಿಸಿಗೆ ಯಾವ ಥರ್ಮಾಮೀಟರ್ ತಾನೇ ಉಳಿಯುತ್ತದೆ? ನಿಜವಾಗಿ ಅಳೆಯುತ್ತಾರಾ, ಇಲ್ಲ ಸುಮ್ನೆ ಲೆಕ್ಕ ಹಾಕಿ ಹೇಳುತ್ತಾರಾ?

ಉತ್ತರ: ನಿಜವಾಗಿಯೇ ಅಳೆಯುತ್ತಾರೆ, ಅದೂ ಬೆಳಕಿನಿಂದ. ಪ್ಲಾಸ್ಮಾದ, ಅಂದರೆ ಬಿಸಿಗೆ ಎಲೆಕ್ಟ್ರಾನುಗಳು ಕಳಚಿಹೋದ ಅನಿಲದ, ಅಂಚಿನಲ್ಲಿ ಲೋಹದ ಸಣ್ಣ ಪ್ರೋಬ್ (ಅಳೆಯುವ ಕಡ್ಡಿ) ಇಟ್ಟು ನೋಡುವುದುಂಟು. ಅದನ್ನು ನಡುಭಾಗಕ್ಕೆ ತೂರಿಸಿದರೆ ಪ್ರೋಬೂ ಹೋಯಿತು, ಪ್ಲಾಸ್ಮಾವೂ ಕೆಟ್ಟಿತು.

ಅದಕ್ಕೇ ಲೇಸರಿನ ಪುಟ್ಟ ಮಿಂಚು (ಪಲ್ಸ್) ಬಿಡುತ್ತಾರೆ. ಪಲ್ಸ್‌ನ ಬಹುಪಾಲು ಬೆಳಕು ಏನೂ ಆಗದೆ ಆಚೆ ಹೋಗಿಬಿಡುತ್ತದೆ. ದಾರಿಯಲ್ಲಿ ಸಿಕ್ಕ ಎಲೆಕ್ಟ್ರಾನುಗಳು ಮಾತ್ರ ಒಂದು ಚೂರನ್ನು ಪಕ್ಕಕ್ಕೆ ಚದುರಿಸುತ್ತವೆ, ಬಿಸಿಲುಕೋಲಿನಲ್ಲಿ ದೂಳು ಮಿನುಗುತ್ತದಲ್ಲ, ಹಾಗೆ. ಇದಕ್ಕೆ ಥಾಮ್ಸನ್ ಚದುರಿಕೆ ಎನ್ನುತ್ತಾರೆ. ನಮ್ಮ ಕಡೆಗೆ ಓಡಿಬರುವ ಎಲೆಕ್ಟ್ರಾನಿನಿಂದ ಬಂದ ಬೆಳಕು ನೀಲಿಯತ್ತ ಜರುಗುತ್ತದೆ, ದೂರ ಓಡುವುದರಿಂದ ಬಂದದ್ದು ಕೆಂಪಿನತ್ತ. 1 ಕೋಟಿ ಡಿಗ್ರಿಯಲ್ಲಿ ಎಲೆಕ್ಟ್ರಾನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 20,000 ಕಿ.ಮೀ., ಹಾಗಾಗಿ ಒಳಗೆ ಹೋಗುವಾಗ ಒಂದೇ ಬಣ್ಣವಿದ್ದ ಲೇಸರ್ ಹೊರಗೆ ಬರುವಾಗ ಹಲವು ಬಣ್ಣಗಳ ಅಗಲ ಪಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಅಗಲವೋ ಬಿಸಿ ಅಷ್ಟು ಜಾಸ್ತಿ. ಬೆಳಕು ಎಷ್ಟು ಬಂತು ಎನ್ನುವುದರಿಂದ ಸಾಂದ್ರತೆಯೂ ಸಿಗುತ್ತದೆ.

ಕೇಳಲು ಸುಲಭ, ಅಲ್ವಾ? ಮಾಡಲು ಅಲ್ಲ. ಮಾಮೂಲಾಗಿ ಬಳಸುವ 1064 ನ್ಯಾನೊಮೀಟರ್ ಲೇಸರಿನ 1 ಜೂಲ್ ಪಲ್ಸ್‌ನಲ್ಲಿ ಇರುವ ಫೋಟಾನುಗಳ, ಅಂದರೆ ಬೆಳಕಿನ ಕಣಗಳ, ಸಂಖ್ಯೆ ಬರೆಯಲು 5ರ ಮುಂದೆ 18 ಸೊನ್ನೆ ಹಾಕಬೇಕು. ಆಯಸ್ಕಾಂತಗಳಿಂದ ಪ್ಲಾಸ್ಮಾ ಹಿಡಿದಿಡುವ ಬಳೆಯಾಕಾರದ ದೊಡ್ಡ ಯಂತ್ರವಾದ ಟೋಕಮಾಕ್‌ನಲ್ಲಿ ಒಂದು ಸೆಂಟಿಮೀಟರ್ ದಾರಿಯಲ್ಲಿ ಚದುರುವುದು ಅದರಲ್ಲಿ 30-40 ಕೋಟಿ, ಅದೂ ಎಲ್ಲ ದಿಕ್ಕಿಗೂ, ಮತ್ತೆ ನಮ್ಮ ಲೆನ್ಸಿಗೆ ಬೀಳುವುದು ಅದರ ಸಾವಿರದಲ್ಲೊಂದು ಪಾಲಿನ ಆಸುಪಾಸು. ಪ್ಲಾಸ್ಮಾ ತಾನೂ ಹೊಳೆಯುತ್ತಿರುತ್ತದೆ ಬೇರೆ. ಪಲ್ಸ್ ಕೆಲವೇ ನ್ಯಾನೊಸೆಕೆಂಡಿನದ್ದಾದ್ದರಿಂದ ಅಷ್ಟೇ ಹೊತ್ತು ನೋಡಿ ಡಿಟೆಕ್ಟರ್ ಕಣ್ಣು ಮುಚ್ಚಿಕೊಂಡರೆ ಆ ಗದ್ದಲದಿಂದ ಬಚಾವು.

ಈ ಅಳತೆ ಒಮ್ಮೆ ಇಡೀ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. 1968ರಲ್ಲಿ ಸೋವಿಯತ್ ವಿಜ್ಞಾನಿಗಳು ತಮ್ಮ ಟಿ-3 ಟೋಕಮಾಕ್ 1 ಕೋಟಿ ಡಿಗ್ರಿಯ ಹತ್ತಿರ ಹೋಗಿದೆ ಎಂದಾಗ ಪಶ್ಚಿಮದ ಹಲವರು ನಂಬಲಿಲ್ಲ. ಸೋವಿಯತ್ ತಂಡದ ಮುಖ್ಯಸ್ಥ ಲೆವ್ ಆರ್ಟ್ಸಿಮೋವಿಚ್ ‘ನೀವೇ ಬಂದು ಅಳೆಯಿರಿ’ ಎಂದು ಬ್ರಿಟನ್ನಿನ ಕಲ್ಹಮ್ ಪ್ರಯೋಗಾಲಯದವರನ್ನು ಕರೆದರು. ಶೀತಲ ಸಮರದ ಕಾಲದಲ್ಲಿ! ಅವರು ರೂಬಿ ಲೇಸರ್ ಸಮೇತ ಮಾಸ್ಕೋಗೆ ಹೋಗಿ ಅಳೆದರು, ಮಾತು ನಿಜವಾಗಿತ್ತು. 1969ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮುಂದಿನ ವರ್ಷವೇ ಅಮೆರಿಕದ ಪ್ರಿನ್ಸ್‌ಟನ್‌ನವರು ಇನ್ನೊಂದು ಬಗೆಯ ಫ್ಯೂಷನ್ ಯಂತ್ರವಾದ ತಮ್ಮ ಸ್ಟೆಲ್ಲರೇಟರನ್ನು ಟೋಕಮಾಕ್ ಮಾಡಿಕೊಂಡಿದ್ದರು.

ಪ್ರಶ್ನೆ: ಟೋಕಮಾಕ್ ಫೋಟೋಗಳಲ್ಲಿ ಅಂಚು ಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ, ನಡುವೆ ಏನೂ ಕಾಣುವುದಿಲ್ಲ. ಅಂಚೇ ಜಾಸ್ತಿ ಬಿಸಿಯೇ?

ಉತ್ತರ: ಉಲ್ಟಾ. ಹೊಳೆಯುವುದೇ ತಣ್ಣನೆಯ ಭಾಗ. ಹೈಡ್ರೋಜನ್ ತನ್ನ 656 ನ್ಯಾನೊಮೀಟರಿನ ಕೆಂಪು ಬೆಳಕು ಕೊಡಬೇಕಾದರೆ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರಬೇಕು. ನಡುವಿನ ಬಿಸಿಗೆ ಅದು ಕಳಚಿಹೋಗಿರುತ್ತದೆ. ಅಲ್ಲಿಂದ ಹೊರಡುವುದು ಹೆಚ್ಚಾಗಿ ಎಕ್ಸ್-ರೇ, ಮಾಮೂಲು ಕ್ಯಾಮೆರಾಗೆ ಕಾಣುವುದಿಲ್ಲ.

ನಡುವಿನ ಅಯಾನುಗಳ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳ) ಬಿಸಿ ಬೇಕಿದ್ದರೆ ಒಂದು ಉಪಾಯವಿದೆ. ಹೊರಗಿನಿಂದ ಹೈಡ್ರೋಜನ್ ಪರಮಾಣುಗಳ ಕಿರಣ ಹಾಯಿಸುತ್ತಾರೆ. ಎಲ್ಲ ಎಲೆಕ್ಟ್ರಾನುಗಳನ್ನೂ ಕಳೆದುಕೊಂಡು ಬೋಳಾದ ಒಳಗಿನ ಕಾರ್ಬನ್ ಅಯಾನು ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು 529 ನ್ಯಾನೊಮೀಟರಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಆ ಹಸಿರು ಬೆಳಕಿನ ಗೆರೆ ಎಷ್ಟು ಅಗಲವಾಗಿ ಹರಡಿದೆ ಎಂದು ನೋಡಿದರಾಯಿತು, ಲೇಸರಿನ ಪಟ್ಟಿಯ ಹಾಗೆಯೇ.

ಅಂಚಿನ ಬೆಳಕನ್ನೂ ಕಡೆಗಣಿಸಬೇಡಿ, ನನಗೆ ಜಾಸ್ತಿ ಇಷ್ಟವಾಗುವುದೇ ಅಲ್ಲಿನ ಕೊಹೆರೆನ್ಸ್ ಇಮೇಜಿಂಗ್ ಎಂಬ ತಂತ್ರ. ಕ್ಯಾಮೆರಾದ ಮುಂದೆ ಬೆಳಕನ್ನು ಎರಡಾಗಿ ಒಡೆಯುವ ಹರಳಿನ ಬಿಲ್ಲೆ ಇಡುತ್ತಾರೆ. ಆಗ ಇಡೀ ಚಿತ್ರದ ಮೇಲೆ ಸಣ್ಣ ಸಣ್ಣ ಪಟ್ಟೆಗಳು ಮೂಡುತ್ತವೆ. ಪಟ್ಟೆ ಎಷ್ಟು ಜರುಗಿದೆ ಎನ್ನುವುದರಿಂದ ಅಯಾನುಗಳು ಯಾವ ಕಡೆ, ಎಷ್ಟು ವೇಗವಾಗಿ ಹರಿಯುತ್ತಿವೆ ಎಂದು ಗೊತ್ತಾಗುತ್ತದೆ. ಪಟ್ಟೆ ಎಷ್ಟು ಮಸುಕಾಗಿದೆ ಎನ್ನುವುದರಿಂದ ಬಿಸಿ. ಒಂದು ಬಿಂದುವಿನದ್ದಲ್ಲ, ಇಡೀ ನೋಟದ್ದು, ಒಂದೇ ಫೋಟೋದಲ್ಲಿ. ತೊಡಕು ಏನೆಂದರೆ ಕ್ಯಾಮೆರಾ ಮುಂದಿನದ್ದು ಹಿಂದಿನದ್ದು ಎಲ್ಲವನ್ನೂ ಸೇರಿಸಿಯೇ ನೋಡುತ್ತದೆ, ಅದನ್ನು ಪದರ ಪದರವಾಗಿ ಬಿಡಿಸಲು ಸಿ.ಟಿ. ಸ್ಕ್ಯಾನಿನ ತರಹದ ಗಣಿತ ಬೇಕು.

ಪ್ರಶ್ನೆ: ನಿಜವಾದ ವಿದ್ಯುತ್ ಸ್ಥಾವರದಲ್ಲಿ ಈ ಕ್ಯಾಮೆರಾಗಳು ಬಾಳುತ್ತವೆಯೇ?

ಉತ್ತರ: ಹತ್ತಿರ ಇಟ್ಟರೆ ಇಲ್ಲ. ನ್ಯೂಟ್ರಾನ್ ಮತ್ತು ಗಾಮಾ ಕಿರಣ ಬಿದ್ದು ಗಾಜು ಕಪ್ಪಾಗುತ್ತದೆ, ಆಪ್ಟಿಕಲ್ ಫೈಬರೂ ಅಷ್ಟೇ. ಹಾಗಾಗಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಯಂತ್ರದಲ್ಲಿ ಲೆನ್ಸಿನ ಬದಲು ಲೋಹದ ಕನ್ನಡಿಗಳು ಮುಂದೆ ಇರುತ್ತವೆ. ಬೆಳಕು ಅವುಗಳ ಮೇಲೆ ಪುಟಿದು ಅಂಕುಡೊಂಕು ದಾರಿಯಲ್ಲಿ ಹೊರಬರುತ್ತದೆ, ನ್ಯೂಟ್ರಾನಿಗೆ ಹಾಗೆ ತಿರುಗಲು ಬರುವುದಿಲ್ಲ, ಹೆಚ್ಚಿನವು ಗೋಡೆಗೆ ಹೊಡೆದು ನಿಲ್ಲುತ್ತವೆ. ಆದರೆ ಯಂತ್ರದ ಒಳಗೋಡೆಯಿಂದ ಎದ್ದ ಲೋಹ ಮೊದಲ ಕನ್ನಡಿಯ ಮೇಲೆ ಬಂದು ಕೂರುತ್ತದೆ. ಅದನ್ನು ತೊಳೆಯಲು ಕನ್ನಡಿಯ ಮುಂದೆಯೇ ಪುಟ್ಟ ಪ್ಲಾಸ್ಮಾ ಹೊತ್ತಿಸುವ ಯೋಜನೆ ಇದೆ. ಎಲ್ಲ ಬಣ್ಣಗಳೂ ಸಮನಾಗಿ ಮಸುಕಾಗುವುದಿಲ್ಲ ಎನ್ನುವುದು ಇಲ್ಲಿಯ ದೊಡ್ಡ ತಲೆನೋವು, ಯಾಕೆಂದರೆ ನೀಲಿ ಜಾಸ್ತಿ ನುಂಗಿಹೋದರೆ ಚದುರಿದ ಲೇಸರ್ ಬೆಳಕಿನ ಪಟ್ಟಿಯ ಅಗಲ ತಪ್ಪಾಗಿ ಓದಿಬರುತ್ತದೆ, ಬಿಸಿಯ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಕನ್ನಡಿ ಯಾವ ಬಣ್ಣವನ್ನು ಎಷ್ಟು ಕಳೆದುಕೊಂಡಿದೆ ಎಂದು ಯಂತ್ರ ಬಿಚ್ಚದೆಯೇ ಆಗಾಗ ಪರೀಕ್ಷಿಸಿ ಸರಿಪಡಿಸಿಕೊಳ್ಳಬೇಕು.