‘ಆಶೆಂಡನ್’ ಅರ್ಧಕ್ಕೇ ಬಿಡಬೇಡಿ ಸರ್

ಸರ್, ಇಂಗ್ಲಿಷ್ ಲೇಖಕ ಸಾಮರ್ಸೆಟ್ ಮಾಮ್‌ನ ‘ಆಶೆಂಡನ್’ ಶುರು ಮಾಡಿದೆ, ಗೂಢಚಾರನ ಕಥೆ ಅಂತ ತಂದರೆ ಒಂದು ಗುಂಡೂ ಹಾರಲಿಲ್ಲ, ಮಿಸ್ ಕಿಂಗ್ ಅನ್ನೋ ಮುದುಕಿ ಒಂದೇ ಪದ ಹೇಳಿ ಸತ್ತಳು, ಗುಟ್ಟೇನು ಅಂತ ಗೊತ್ತೇ ಆಗಲಿಲ್ಲ, ಓದಲೋ ಬಿಡಲೋ ಅಂತ ಕೇಳಿದ್ದೀರಿ. ಬಿಡಬೇಡಿ. ನಾನೂ ಮೊದಲ ಸಲ ಸರಿಯಾಗಿ ಅಲ್ಲೇ ಪುಸ್ತಕ ಮಡಚಿಟ್ಟಿದ್ದೆ.

ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಜೊತೆ ಬೆಳೆದವರು ನಾವು. ಕೊನೆಗೆ ಗಂಟು ಬಿಚ್ಚಲೇಬೇಕು ನಮಗೆ. ಇಲ್ಲಿ ಕೆಲವು ಗಂಟು ಹಾಗೇ ಉಳಿಯುತ್ತವೆ. ಮಾಮ್ ಒಂದನೇ ಮಹಾಯುದ್ಧದಲ್ಲಿ ನಿಜವಾಗಿಯೂ ಬ್ರಿಟಿಷರ ಗೂಢಚಾರನಾಗಿದ್ದ. ಜಿನೀವಾದಲ್ಲಿದ್ದ, 1917ರಲ್ಲಿ ರಷ್ಯದ ಪೆಟ್ರೋಗ್ರಾಡ್‌ಗೂ ಹೋಗಿದ್ದ. ಪುಸ್ತಕ ಬಂದದ್ದು 1928ರಲ್ಲಿ. ಆ ಕೆಲಸ ಎಷ್ಟು ಸಪ್ಪೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಜಿನೀವಾ ಸಂತೆಯ ಬೆಣ್ಣೆ ಅಜ್ಜಿ ನೆನಪಿದ್ದಾಳಾ? ಗಡಿಯಾಚೆ ಫ್ರಾನ್ಸ್ ಕಡೆಯಿಂದ ಬರುತ್ತಾಳೆ. ನಮ್ಮ ಗೂಢಚಾರ ಆಶೆಂಡನ್ ಅರ್ಧ ಪೌಂಡ್ ಬೆಣ್ಣೆ ಕೊಳ್ಳುತ್ತಾನೆ. ಚಿಲ್ಲರೆ ಜೊತೆ ಚೀಟಿಯೊಂದು ಅವನ ಕೈಗೆ ಬರುತ್ತದೆ. ಅಷ್ಟೇ. ಅದನ್ನು ಜೇಬಲ್ಲಿಟ್ಟುಕೊಂಡು ಹೋಟೆಲಿಗೆ ನಡೆದು ಹೋಗುವಷ್ಟು ಹೊತ್ತು ಮಾತ್ರ ಅಪಾಯ. ಆ ಪುಟ ಇನ್ನೊಮ್ಮೆ ನಿಧಾನವಾಗಿ ಓದಿ.

ಇನ್ನೊಂದು ವಿಷಯ. ನಿಮ್ಮ ಪ್ರತಿಯಲ್ಲಿ ಸಣ್ಣ ಸಣ್ಣ ಅಧ್ಯಾಯಗಳಿದ್ದರೆ ಒಂದೊಂದನ್ನೂ ಬೇರೆ ಕಥೆ ಅಂದುಕೊಳ್ಳಬೇಡಿ. ಕೂದಲಿಲ್ಲದ ಮೆಕ್ಸಿಕನ್, ಕಪ್ಪು ಹೆಂಗಸು, ಗ್ರೀಕ್, ಈ ಮೂರೂ ಸೇರಿ ಒಂದೇ ಕಥೆ. ಒಂದೇ ಸಂಜೆ ಮುಗಿಸಿ. ಮಧ್ಯೆ ನಿಲ್ಲಿಸಿದರೆ ಕೊನೆಯ ಏಟು ಬೀಳುವುದೇ ಇಲ್ಲ. ಗುಸ್ತಾವ್ ಮತ್ತು ದ್ರೋಹಿ ಕೂಡ ಹಾಗೇ, ಜೋಡಿ.

ಆಮೇಲೆ ‘ಜೂಲಿಯಾ ಲಜ್ಜಾರಿ’. ಅದರ ಹಿಂದಿನ ಪ್ಯಾರಿಸ್ ಅಧ್ಯಾಯದಿಂದಲೇ ಶುರು ಮಾಡಿ. ನಮಗೆ ಹತ್ತಿರದ ಕಥೆ ಇದು. ಬರ್ಲಿನ್‌ನಲ್ಲಿರುವ ಭಾರತೀಯ ಕ್ರಾಂತಿಕಾರಿ ಚಂದ್ರಲಾಲ್‌ನನ್ನು ಹಿಡಿಯಬೇಕು. ಅವನು ಪ್ರೀತಿಸುವ ನರ್ತಕಿಯನ್ನು ಜೈಲಿನ ಭಯ ತೋರಿಸಿ ಜಿನೀವಾ ಸರೋವರದ ಫ್ರೆಂಚ್ ದಡದಲ್ಲಿ ಕೂರಿಸುತ್ತಾರೆ. ಆಚೆ ಸ್ವಿಸ್ ದಡದಲ್ಲಿ ಅವನು. ಅವನನ್ನು ಈ ದಡಕ್ಕೆ ಕರೆಸಲು ಅವಳಿಂದ ಕಾಗದ ಬರೆಸುವುದೇ ಆಶೆಂಡನ್‌ನ ಕೆಲಸ. ಬ್ರಿಟಿಷ್ ಸಾಮ್ರಾಜ್ಯದ ವಿರುದ್ಧ ಹೆಚ್ಚುಕಡಿಮೆ ಒಬ್ಬನೇ ನಿಂತ ಗಂಡಸು ಅಂತ ಅವನ ಮೇಲೆ ಮೆಚ್ಚುಗೆಯೂ ಇದೆ ಇವನಿಗೆ. ಆದರೂ ಬಲೆ ಹೆಣೆಯುತ್ತಾನೆ. ಓದುವಾಗ ಯಾರ ಪರ ನಿಲ್ಲಬೇಕು ಅಂತ ತಿಳಿಯದೆ ನನಗೆ ಹೊಟ್ಟೆ ತೊಳಸಿದಂತಾಯಿತು. ಈ ಚಂದ್ರಲಾಲ್‌ಗೆ ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯರೇ ಮಾದರಿ ಅನ್ನುತ್ತಾರೆ. ಅಂದರೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಗಂಡನ ಅಣ್ಣ, ಭಾವ ಆಗಬೇಕು! ಕಥೆಯಲ್ಲಿ ಆದಂತೆ ಅವರಿಗೆ ನಿಜವಾಗಿ ಆಗಲಿಲ್ಲ, ಅದು ಬೇರೆ ಮಾತು.

ರಾಯಭಾರಿಯ ಕಥೆ ಸ್ವಲ್ಪ ಎಳೆದಿದೆ, ಕೊನೆಗಿಟ್ಟುಕೊಳ್ಳಿ. ವ್ಲಾಡಿವೊಸ್ಟಾಕ್‌ನಿಂದ 11 ದಿನ ರೈಲಿನಲ್ಲಿ ಬಾಯಿ ಮುಚ್ಚದೆ ಮಾತಾಡುವ ಅಮೆರಿಕನ್ ವ್ಯಾಪಾರಿ ಹ್ಯಾರಿಂಗ್ಟನ್‌ನನ್ನು ಮಾತ್ರ ತಪ್ಪಿಸಬೇಡಿ. ನಗುತ್ತಾ ಓದುತ್ತೀರಿ, ಪೆಟ್ರೋಗ್ರಾಡ್ ಬರುವವರೆಗೆ.

ಸದ್ಯಕ್ಕೆ ಜೂಲಿಯಾ ಮುಗಿಸಿ. ಕೊನೆಯಲ್ಲಿ ಅವಳು ಒಂದು ಕೈಗಡಿಯಾರದ ವಿಷಯ ಕೇಳುತ್ತಾಳೆ. ಅದನ್ನು ಓದಿ ಏನನ್ನಿಸಿತು ಅಂತ ಇಲ್ಲೇ ಬರೆಯಿರಿ. ನಮ್ಮ ಮನೆಯಲ್ಲಿ ಆ ಒಂದು ಸಾಲಿಗೆ ಜಗಳವೇ ಆಗಿದೆ.