ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಗಿಟಾರಿನ ಬಿರುಕಿಗೆ ಎಣ್ಣೆ ಮದ್ದಲ್ಲ

ಪ್ರಶ್ನೆ: ಕೈಯಲ್ಲಿ ಮಾಡಿದ ಸ್ಪ್ಯಾನಿಷ್ ಗಿಟಾರ್ ಕೊಂಡು ಎರಡು ವರ್ಷವಾಗಿಲ್ಲ, ಮೇಲ್ಹಲಗೆ ಫಿಂಗರ್‌ಬೋರ್ಡಿನ (ಬೆರಳಿನಿಂದ ತಂತಿ ಒತ್ತುವ ಪಟ್ಟಿಯ) ಅಂಚಿನಲ್ಲೇ ಸೀಳಿದೆ. ಮರ ಕಳಪೆಯೇ? ನಿಂಬೆ ಎಣ್ಣೆ ಉಜ್ಜಿದರೆ ಕೂಡಿಕೊಳ್ಳುತ್ತದಂತೆ, ಹೌದೇ?

ಉತ್ತರ: ಕೂಡಿಕೊಳ್ಳುವುದಿಲ್ಲ. ಎಣ್ಣೆ ಸೀಳಿನೊಳಗೆ ಇಳಿಯಿತೆಂದರೆ ಆಮೇಲೆ ಅಲ್ಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಈ ಸಲಹೆ ಕೊಟ್ಟವರು ರಿಪೇರಿಯ ಖರ್ಚನ್ನೂ ಕೊಡಲಿ.

ಮರವನ್ನೂ ಬೈಯಬೇಡಿ, ತಪ್ಪು ಒಣ ಗಾಳಿಯದು. ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮರ ತನ್ನ ಎಳೆಯುದ್ದಕ್ಕೆ (ನಾರು ಸಾಗುವ ದಿಕ್ಕಿಗೆ) ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಕುಗ್ಗುವುದೆಲ್ಲ ಎಳೆಗೆ ಅಡ್ಡವಾಗಿ. ಗಾಳಿಯ ಆರ್ದ್ರತೆ ಶೇ 50ರಿಂದ 25ಕ್ಕೆ ಬಂದರೆ ಮರದೊಳಗಿನ ನೀರು ಸುಮಾರು ಶೇ 9ರಿಂದ 5ಕ್ಕೆ ಇಳಿಯುತ್ತದೆ. 365 ಮಿ.ಮೀ. ಅಗಲದ ಮೇಲ್ಹಲಗೆ ಆಗ 2 ಮಿ.ಮೀ.ನಷ್ಟು ಕಿರಿದಾಗಲು ನೋಡುತ್ತದೆ. ಆದರೆ ಬಿಡುವವರು ಯಾರು? ಒಳಗೆ ನಾದರಂಧ್ರದ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ, ಹೊರಗೆ ತಂತಿ ಕಟ್ಟುವ ಕುದುರೆ (ಬ್ರಿಡ್ಜ್). ಈ ಮೂರರ ಎಳೆಯೂ ಅಡ್ಡಕ್ಕೇ ಇರುವುದರಿಂದ ಅವು ಜಗ್ಗುವುದಿಲ್ಲ. ಇನ್ನು ಫಿಂಗರ್‌ಬೋರ್ಡಿನ ಎಬೊನಿ ಮರ ಸ್ಪ್ರೂಸ್‌ಗಿಂತ ಹೆಚ್ಚು ಕುಗ್ಗಿ, ತನಗೆ ಅಂಟಿದ ಹಲಗೆಯನ್ನು ಒಳಕ್ಕೆ ಎಳೆಯುತ್ತದೆ. ನಿಮ್ಮ ಬಿರುಕು ಅದರ ಅಂಚಿನಲ್ಲೇ ಬಂದದ್ದು ಅದಕ್ಕೆ.

ಬಿರುಕು ಹೇಳದೆ ಕೇಳದೆ ಬರುವುದೂ ಇಲ್ಲ. ಮೊದಲು ಫಿಂಗರ್‌ಬೋರ್ಡಿನ ಲೋಹದ ಅಡ್ಡಗೆರೆಗಳ, ಅಂದರೆ ಫ್ರೆಟ್‌ಗಳ, ತುದಿ ಕೈಗೆ ಚುಚ್ಚುತ್ತದೆ, ಮೇಲ್ಹಲಗೆ ತಗ್ಗುತ್ತದೆ, ತಂತಿ ಕೆಳಗಿಳಿದು ಫ್ರೆಟ್‌ಗೆ ತಗುಲಿ ಝರ್ ಎನ್ನುತ್ತದೆ. ಅಷ್ಟು ಹೊತ್ತಿಗೆ ಕುದುರೆಯ ಮೇಲಿನ ಮೂಳೆಯನ್ನು ಎತ್ತರಿಸಿ ಸುಮ್ಮನಾಗುವವರೇ ಜಾಸ್ತಿ.

ಈಗೇನು ಮಾಡಬೇಕು? ತಂತಿ ಸಡಿಲಿಸಿ. ಗಿಟಾರನ್ನು ಪೆಟ್ಟಿಗೆಯೊಳಗಿಟ್ಟು ಆರ್ದ್ರತೆ ಶೇ 50–55 ಇರುವಂತೆ ಒಂದೆರಡು ವಾರ ಬಿಡಿ. ಸೀಳು ತಾನಾಗಿ ಮುಚ್ಚಿದ ಮೇಲೆ, 60 ಡಿಗ್ರಿಯಷ್ಟು ಬಿಸಿಯಿರುವ ತೆಳು ಸರೇಸನ್ನು (ಚರ್ಮದಿಂದ ಮಾಡಿದ ಅಂಟನ್ನು) ಬೆರಳಿನಿಂದ ತಿಕ್ಕಿ, ಹಲಗೆಯನ್ನು ಮೆಲ್ಲನೆ ಅದುಮಿ ಬಿಡುತ್ತ ಒಳಗಿಳಿಸಬೇಕು. ಒಳಬದಿಗೆ ಒಂದೂವರೆ ಮಿ.ಮೀ. ದಪ್ಪದ ಪುಟ್ಟ ಸ್ಪ್ರೂಸ್ ತುಂಡುಗಳನ್ನು ಎಳೆ ಅಡ್ಡ ಬರುವಂತೆ, ಅಂಚು ಇಳಿಜಾರು ಮಾಡಿ, ಅಂಟಿಸಬೇಕು. ಮುಚ್ಚದಿದ್ದರೆ ಅದೇ ಜಾತಿಯ ಮರದ ತೆಳು ಚೂರು ತುಂಬಬೇಕು. ಕ್ಲ್ಯಾಂಪ್ ಹಾಕಿ ಒಣ ಬಿರುಕನ್ನು ಬಲವಂತವಾಗಿ ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಬಾಯಿಬಿಡುತ್ತದೆ. ಸೂಪರ್ ಗ್ಲೂ ಮುಟ್ಟಲೇಬೇಡಿ, ಅರಗಿನ ಪಾಲಿಶ್ ಮೇಲೆ ಕಲೆ ನಿಲ್ಲುತ್ತದೆ.

ಇನ್ನು ಗಿಟಾರ್ ಮಾಡುವವರಿಗೆ ಒಂದು ಮಾತು. ಬೀಟೆ ಎಲ್ಲಿಯದು, ಸ್ಪ್ರೂಸ್ ಎಷ್ಟು ವರ್ಷ ಹಳೆಯದು ಎಂದು ಪುಟಗಟ್ಟಲೆ ಬರೆದು ಕೇಳುತ್ತೀರಿ. ಅಂಟು ಹಾಕಿದ ದಿನ ಕೋಣೆಯ ಆರ್ದ್ರತೆ ಎಷ್ಟಿತ್ತು ಎಂದರೆ ಉತ್ತರವಿಲ್ಲ. ಶೇ 80ರಲ್ಲಿ ಪಟ್ಟಿ ಅಂಟಿಸಿದರೆ ಹಲಗೆಯಲ್ಲಿ ಶೇ 16ರಷ್ಟು ನೀರಿರುತ್ತದೆ. ಆ ಗಿಟಾರ್ ಎಷ್ಟೇ ಚೆಂದ ನುಡಿದರೂ ಒಣ ಊರಿಗೆ ಹೋದ ದಿನ ಸೀಳುತ್ತದೆ. ಶೇ 45–50ರಲ್ಲೇ ಅಂಟಿಸಿ. ಹಲಗೆಯನ್ನೂ ಪಟ್ಟಿಗಳನ್ನೂ ವಾರಗಟ್ಟಲೆ ಅದೇ ಕೋಣೆಯಲ್ಲಿಟ್ಟು ದಿನಾ ತೂಗಿ. ಮೂರು ದಿನ ತೂಕ ಬದಲಾಗದಿದ್ದರೆ ಮರ ಸಿದ್ಧ. ಆರ್ದ್ರತೆ ಅಳೆಯುವ ಹೈಗ್ರೋಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ: ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಉಪ್ಪಿನ ಜೊತೆ (ಉಪ್ಪು ಪೂರ್ತಿ ಕರಗಬಾರದು) ರಾತ್ರಿಯಿಡೀ ಇಟ್ಟರೆ ಅದು ಶೇ 75 ತೋರಿಸಬೇಕು. 68 ತೋರಿಸಿದರೆ ಆ ಏಳನ್ನು ಚೀಟಿಯಲ್ಲಿ ಬರೆದು ಅದರ ಬೆನ್ನಿಗೇ ಅಂಟಿಸಿ. ಗಿಟಾರನ್ನು ಇಟ್ಟು ಜೋಡಿಸುವ ಅಚ್ಚಿನ, ಅಂದರೆ ಸೊಲೇರಾ, ಹಲಗೆಯಲ್ಲಿ ಒಂದೆರಡು ಮಿ.ಮೀ. ತಗ್ಗು ಕೊರೆಯಿರಿ, ಉಬ್ಬಿದ ಮೇಲ್ಹಲಗೆ ಒಣಗಿದಾಗ ಸೀಳುವ ಮುಂಚೆ ಚಪ್ಪಟೆಯಾಗಲು ಜಾಗವಿರುತ್ತದೆ.

ಪ್ರಶ್ನೆ: ಪಕ್ಕ ಮತ್ತು ಬೆನ್ನಿಗೆ ಬೀಟೆಯೇ ಬೇಕೇ?

ಬೇಡ. ಸ್ಪೇನಿನ ಗಿಟಾರ್ ತಯಾರಕ ಅಂತೋನಿಯೊ ದೆ ತೊರ್ರೆಸ್ 1862ರಲ್ಲೇ ರಟ್ಟಿನ ಪಕ್ಕ, ರಟ್ಟಿನ ಬೆನ್ನು ಇಟ್ಟು ಗಿಟಾರ್ ಮಾಡಿ ತೋರಿಸಿದ್ದಾರೆ. ಫ್ಲಮೆಂಕೊ ಗಿಟಾರಿಗೆ ಇವತ್ತಿಗೂ ಸೈಪ್ರೆಸ್ ಮರ ಬಳಸುತ್ತಾರೆ.

ಪ್ರಶ್ನೆ: ಬೀಟೆ ಗಿಟಾರನ್ನು ಹೊರದೇಶದ ಗಿರಾಕಿಗೆ ಕಳಿಸಬಹುದೇ?

ಬೀಟೆ ಸೇರಿದ ಡಾಲ್ಬರ್ಜಿಯಾ ಕುಲ ಪೂರ್ತಿಯಾಗಿ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಬಂದದ್ದು 2017ರಲ್ಲಿ. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಇದೆ, ಬಿಡಿ ಹಲಗೆಗಿಲ್ಲ. ಬ್ರೆಜಿಲ್ ಬೀಟೆ 1992ರಿಂದ ಅತಿ ಕಟ್ಟುನಿಟ್ಟಿನ ಮೊದಲನೇ ಅನುಬಂಧದಲ್ಲಿದೆ, ಅದಕ್ಕೆ ಈ ವಿನಾಯಿತಿಯೂ ಇಲ್ಲ. ಹಳೇ ಸ್ಟಾಕು ಎಂಬ ಬಾಯಿಮಾತು ನಂಬಿ ಕೊಳ್ಳಬೇಡಿ, ಕಾಗದ ಕೇಳಿ.

ಪ್ರಶ್ನೆ: ಹಲಗೆ ತಟ್ಟಿ ಶ್ರುತಿ ಕೇಳಿಯೇ ದಪ್ಪ ನಿರ್ಧರಿಸಬೇಕಂತೆ?

ತಟ್ಟಿ, ಬೇಡವೆನ್ನುವುದಿಲ್ಲ. ಆದರೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು, ಎಳೆಗೆ ಅಡ್ಡ ಬಗ್ಗಿಸಿ ನೋಡಿ, ಸ್ಪ್ರೂಸ್ 2.2ರಿಂದ 2.5 ಮಿ.ಮೀ. ಆಸುಪಾಸು ನಿಲ್ಲುತ್ತದೆ, ಸೀಡರ್ ತುಸು ದಪ್ಪ.

ಪ್ರಶ್ನೆ: ಉಕ್ಕಿನ ತಂತಿ ಹಾಕಬಹುದೇ?

ನೈಲಾನ್ ತಂತಿಗಳ ಒಟ್ಟು ಎಳೆತ 40 ಕಿಲೋ ಹತ್ತಿರ, ಉಕ್ಕಿನದು 70ರ ಆಸುಪಾಸು. ಕುದುರೆ ಕಿತ್ತು ಕೈಗೆ ಬರುತ್ತದೆ.