ಟ್ರಕ್ ತಪಾಸಣೆ: ಟ್ಯಾಬ್ಲೆಟ್‌ನಲ್ಲಿ ದಾಖಲಾದದ್ದು ಸರಿಯಿದೆಯೇ?

ಪ್ರಶ್ನೆ: ಅಮೆರಿಕದಲ್ಲಿ ನಮ್ಮ ಟ್ರಕ್‌ಗಳು ಓಡುತ್ತವೆ. ರಸ್ತೆಬದಿ ತಪಾಸಣೆಯ ಎಲೆಕ್ಟ್ರಾನಿಕ್ ವರದಿಯಲ್ಲಿ ಒಂದು ಬ್ರೇಕ್ ಮಿತಿ ಮೀರಿದೆ ಎಂದು ಬಂದಿದೆ. ಮೆಕ್ಯಾನಿಕ್ ಸರಿಯಾಗೇ ಇದೆ ಅನ್ನುತ್ತಾರೆ. ಯಾರ ಮಾತು ನಂಬಬೇಕು?

ಉತ್ತರ: ಮೊದಲು ಬ್ರೇಕ್ ಚೇಂಬರ್, ಅಂದರೆ ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಸುವ ಡಬ್ಬಿ, ಯಾವ ಬಗೆಯದೆಂದು ನೋಡಿ. ಟೈಪ್ 30 ಚೇಂಬರ್ ಸಾಮಾನ್ಯದ್ದಾದರೆ ಪುಶ್‌ರಾಡ್ (ಚೇಂಬರಿನಿಂದ ಹೊರಬಂದು ಬ್ರೇಕನ್ನು ತಳ್ಳುವ ಸರಳು) ಚಲನೆಯ ಮಿತಿ 2 ಇಂಚು, ಹೆಚ್ಚು ದೂರ ಚಲಿಸುವ ಲಾಂಗ್ ಸ್ಟ್ರೋಕ್ ಆದರೆ 2.5 ಇಂಚು. ಅಳತೆ 2.25 ಬಂದಿತೆನ್ನಿ: ಮೊದಲನೆಯದರಲ್ಲಿ ಅದು ದೋಷ, ಎರಡನೆಯದರಲ್ಲಿ ಏನೂ ಅಲ್ಲ. ಲಾಂಗ್ ಸ್ಟ್ರೋಕ್ ಚೇಂಬರಿನ ಗಾಳಿ ಪೋರ್ಟಿನ ಸುತ್ತಲ ಉಬ್ಬು ಚೌಕಾಕಾರವಾಗಿರುತ್ತದೆ. ಅದರ ಮೇಲೆ ಗ್ರೀಸು, ಕೆಸರು ಮೆತ್ತಿದ್ದರೆ ಅಧಿಕಾರಿಗೆ ಕಾಣದೆ ಹೋಗಬಹುದು. ಚೇಂಬರಿನ ಬಗೆ ತಪ್ಪಾಗಿ ನಮೂದಾದರೆ ತೀರ್ಪೂ ತಪ್ಪುತ್ತದೆ. ಹೊರಡುವ ಮುನ್ನ ಆ ಉಬ್ಬನ್ನು ಬಟ್ಟೆಯಿಂದ ಒರೆಸುವುದು ಸಣ್ಣ ಕೆಲಸ, ಬಿಡಬೇಡಿ.

ಇನ್ನು ಒತ್ತಡ. ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಎಂಜಿನ್ ಆರಿಸಿ, ಟ್ಯಾಂಕಿನಲ್ಲಿ ಗಾಳಿಯ ಒತ್ತಡ 90ರಿಂದ 100 ಪಿಎಸ್ಐ (ಚದರ ಇಂಚಿಗೆ ಪೌಂಡ್) ಇರುವಾಗ ಪೆಡಲ್ ಪೂರ್ತಿ ಒತ್ತಿ ಅಳೆಯಬೇಕು. 120 ಪಿಎಸ್ಐನಲ್ಲಿ ಅಳೆದರೆ ಚಲನೆ ಹೆಚ್ಚಾಗಿ ಕಾಣುತ್ತದೆ. ಕಡಿಮೆ ಒತ್ತಡದಲ್ಲಿ ಅಳೆದ ಮೆಕ್ಯಾನಿಕ್‌ಗೆ ನಿಜವಾದ ದೋಷವೇ ತಪ್ಪಿಹೋಗುತ್ತದೆ. ಆದ್ದರಿಂದ ನಿಮ್ಮ ಮೆಕ್ಯಾನಿಕ್ ಎಷ್ಟು ಒತ್ತಡದಲ್ಲಿ ಅಳೆದರೆಂದು ಕೇಳಿ, ಬೇಕಿದ್ದರೆ ಮತ್ತೆ ಅಳೆಸಿ. ಹತ್ತು ಬ್ರೇಕಿನ ಗಾಡಿಯಲ್ಲಿ ಎರಡು ಕೆಟ್ಟರೆ ಶೇ 20 ಆಯಿತು, ಅಷ್ಟಾದರೆ ಅಧಿಕಾರಿ ಗಾಡಿಯನ್ನು ಅಲ್ಲೇ ನಿಲ್ಲಿಸುತ್ತಾರೆ. ಒಂದು ತಪ್ಪು ನಮೂದಿನ ಬೆಲೆ ಅಷ್ಟಿದೆ.

ಪ್ರಶ್ನೆ: ನಮ್ಮದಲ್ಲದ ಟ್ರಕ್ಕಿನ ದೋಷ ನಮ್ಮ ಕಂಪನಿಯ ದಾಖಲೆಯಲ್ಲಿದೆ. ಹೇಗೆ ತೆಗೆಸುವುದು?

ಉತ್ತರ: ಡಿಒಟಿ ನಂಬರಿನಲ್ಲಿ (ಅಮೆರಿಕದ ಸಾರಿಗೆ ಇಲಾಖೆ ಪ್ರತಿ ಕಂಪನಿಗೆ ಕೊಡುವ ಗುರುತಿನ ಸಂಖ್ಯೆ) ಒಂದು ಅಂಕಿ ಆಚೀಚೆಯಾದರೂ ಹೀಗಾಗುತ್ತದೆ. ಪ್ರತಿ ಗಾಡಿಯ ಗುರುತಿನ ಸಂಖ್ಯೆಯಾದ 17 ಅಕ್ಷರಗಳ ವಿಐಎನ್‌ನಲ್ಲಿ ಐ, ಒ, ಕ್ಯೂ ಬಳಸುವುದೇ ಇಲ್ಲ. ಒಂಬತ್ತನೆಯದು ಉಳಿದವನ್ನು ತಾಳೆ ನೋಡುವ ಅಕ್ಷರ, ಹಾಗಾಗಿ ಬೆರಳು ತಪ್ಪಿದರೆ ಬಹುತೇಕ ಸಿಕ್ಕಿಬೀಳುತ್ತದೆ. ಡಿಒಟಿ ನಂಬರಿಗೆ ಆ ಕಾವಲಿಲ್ಲ. ಬಾಡಿಗೆ ಕರಾರು ಮುಗಿದ ಮೇಲೂ ಬಾಗಿಲ ಮೇಲಿನ ಹಳೆಯ ನಂಬರು ಅಳಿಸದೆ ಬಿಡುವುದು ಇನ್ನೊಂದು ಕಾರಣ.

ಫೆಡರಲ್ ಸರ್ಕಾರದ ಡೇಟಾಕ್ಯೂಸ್ ತಾಣದಲ್ಲಿ ಮನವಿ ಹಾಕಿ. ವರದಿಯ ಸಂಖ್ಯೆ, ನೋಂದಣಿ ಪತ್ರ, ಕರಾರಿನ ಪ್ರತಿ ಲಗತ್ತಿಸಿ. ‘ಅನ್ಯಾಯವಾಗಿದೆ’ ಎಂದು ಬರೆದರೆ ಉಪಯೋಗವಿಲ್ಲ, ದಾಖಲೆಯೇ ಮಾತಾಡಬೇಕು. ಸುಮ್ಮನಿದ್ದರೆ ಆ ದೋಷ 24 ತಿಂಗಳು ನಿಮ್ಮ ಸುರಕ್ಷತಾ ಅಂಕದಲ್ಲಿ ಎಣಿಕೆಯಾಗುತ್ತದೆ.

ಪ್ರಶ್ನೆ: ವರದಿ ಕಂಪ್ಯೂಟರಿನಲ್ಲೇ ಇರುವಾಗ ಸಹಿ ಹಾಕಿ ಕಳಿಸಬೇಕೇ?

ಉತ್ತರ: ಹೌದು. ದೋಷ ಸರಿಪಡಿಸಿ, ಕಂಪನಿಯ ಪರವಾಗಿ ಸಹಿ ಮಾಡಿ, ತಪಾಸಣೆಯಾದ 15 ದಿನದೊಳಗೆ ವರದಿ ಕೊಟ್ಟ ಸಂಸ್ಥೆಗೆ ಮರಳಿಸಬೇಕು. ಒಂದು ಪ್ರತಿ 12 ತಿಂಗಳು ನಿಮ್ಮಲ್ಲಿರಬೇಕು. ದೋಷವೇ ಸಿಗದ ತಪಾಸಣೆಯಾದರೂ ಚಾಲಕರು ವರದಿ ಕೇಳಿ ಪಡೆಯಲಿ. ದಾಖಲಾಗದ ಒಳ್ಳೆಯ ತಪಾಸಣೆ ಅಂಕಕ್ಕೆ ಸೇರುವುದಿಲ್ಲ.